ಬುದ್ಧಿ ಕಲಿಸಿದವರು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಪದ್ಯ ಬರೀತಾನೆ ಅಂತ ಕರೆಸಿದ್ದಾರೆ. ಎರಡು ಪದ್ಯ ಓದಿ ಇಳಿದುಬಿಡೋಣ ಅಂತಲೇ ಬಂದವನು. ಆದರೆ ಇಲ್ಲಿನ ಗೆಳೆಯರು 'ಮನುಷ್ಯ ತನ್ನ ಸಮಾಜದ ರೀತಿನೀತಿಗಳನ್ನು ಹೇಗೆ ಕಲಿಯುತ್ತಾನೆ' ಅನ್ನೋ ವಿಷಯ ಕೊಟ್ಟು ಸಿಕ್ಕಿಸಿಬಿಟ್ಟಿದ್ದಾರೆ. ಬಿ.ಎ.ಯಲ್ಲಿ ಇದಕ್ಕೆ ಸಾಮಾಜೀಕರಣ ಅಂತ ಹೆಸರು. ಹತ್ತು ಮಾರ್ಕಿನ ಪ್ರಶ್ನೆ. ಕುಟುಂಬ, ಸಮವಯಸ್ಕರ ಗುಂಪು, ಶಾಲೆ, ಧರ್ಮ, ಸಮೂಹ ಮಾಧ್ಯಮ ಅಂತ ಐದು ಹೆಸರು ಬರೆದು, ಒಂದೊಂದರ ಕೆಳಗೆ ನಾಲ್ಕು ಸಾಲು ಗೀಚಿದರೆ ಏಳು ಮಾರ್ಕು ಖಂಡಿತ. ನಾನೂ ಗೀಚಿದೆ, ಏಳು ಬಂತು. 'ಮಗು ಕುಟುಂಬದಲ್ಲಿ ಪ್ರೀತಿ, ಸಹಕಾರ, ತ್ಯಾಗ ಮುಂತಾದ ಮೌಲ್ಯಗಳನ್ನು ಕಲಿಯುತ್ತದೆ' ಅಂತ ಬರೆದಿದ್ದೆ. ಯಾವ ಮಗು? ಯಾವ ಕೇರಿಯ ಮಗು? ಅದು ನೋಟ್ಸಿನಲ್ಲಿ ಇರಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಪುಸ್ತಕ ಹೇಳದೆ ಬಿಟ್ಟದ್ದನ್ನು ನಮ್ಮ ಆಡುಮಾತು ಹೇಳುತ್ತದೆ ನೋಡಿ. ಮಕ್ಕಳಿಗೆ ಒಳ್ಳೇದು ಕೆಟ್ಟದ್ದು ತಿಳಿಸೋದನ್ನ 'ಬುದ್ಧಿ ಹೇಳೋದು' ಅಂತೀವಿ. ಯಾವನಾದರೂ ತಿರುಗಿಬಿದ್ದರೆ 'ಅವನಿಗೆ ಬುದ್ಧಿ ಕಲಿಸ್ತೀನಿ' ಅಂತೀವಿ, ಅಂದರೆ ಒದೀತೀನಿ ಅಂತ. ನಮ್ಮ ಕಡೆ ಮೂರನೇ ಅರ್ಥವೂ ಉಂಟು. ನನ್ನ ಅಜ್ಜಿ ಊರೊಳಗಿನ ಉಳ್ಳವರನ್ನು ಕರೀತಿದ್ದದ್ದೇ 'ಬುದ್ಧೀ' ಅಂತ. ಹೇಳಿಕೊಡೋದೂ ಬುದ್ಧಿ, ಒದೆಯೋದೂ ಬುದ್ಧಿ, ಒಡೆಯನೂ ಬುದ್ಧಿ. ನಮ್ಮ ಪಾಲಿನ ಸಾಮಾಜೀಕರಣ ಈ ಒಂದು ಮಾತಿನೊಳಗೆ ಪೂರ್ತಿಯಾಗಿ ಕೂತಿದೆ.

ನನಗಾಗ ಐದು ವರ್ಷ ಇರಬೇಕು. ಅಜ್ಜಿ ಒಂದು ಮನೆಯಲ್ಲಿ ಕೊಟ್ಟಿಗೆ ಬಾಚೋಕೆ ಹೋಗ್ತಿದ್ದಳು. ಒಂದು ದಿನ ನಾನೂ ಹಿಂದೆ ಹೋದೆ. ಆ ಮನೆಯ ಜಗಲಿ ಮೇಲೆ ಬೆಕ್ಕೊಂದು ಬಿಸಿಲು ಕಾಯಿಸ್ತಾ ಮಲಗಿತ್ತು. ಬೆಕ್ಕು ಮುಟ್ಟೋಣ ಅಂತ ಹತ್ತಿದೆ. ಅಷ್ಟೆ. ಕೊಟ್ಟಿಗೆಯಿಂದ ಅಜ್ಜಿ ಓಡಿಬಂದಳು. ಸಗಣಿ ಕೈಯಲ್ಲೇ ನನ್ನ ರಟ್ಟೆ ಹಿಡಿದು ಕೆಳಕ್ಕೆ ಎಳೆದು, ಬೆನ್ನಿನ ಮೇಲೆ ನಾಲ್ಕು ಬಾರಿಸಿದಳು. 'ಇನ್ನೊಂದ್ ಸಲ ಹತ್ತೀಯಾ? ಹತ್ತೀಯಾ?' ಅಂತ ಒಂದೊಂದು ಏಟಿಗೂ ಕೇಳಿದಳು. ಆ ಮನೆಯ ಯಜಮಾನ ಬಾಗಿಲಲ್ಲೇ ನಿಂತಿದ್ದ. ಬೈಯಲಿಲ್ಲ, ಕೈ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯವೇ ಅವನಿಗೆ ಬೀಳಲಿಲ್ಲ. ರಾತ್ರಿ ಬೆನ್ನಿಗೆ ಹರಳೆಣ್ಣೆ ಸವರುತ್ತಾ ಅಜ್ಜಿ, 'ನಾನ್ ಹೊಡೀದೆ ಇದ್ರೆ ಅವ್ರು ಹೊಡೀತಿದ್ರು ಕಣ ಮಗ' ಅಂದಳು.

ಆಮೇಲೆ ನಾನು ಯಾವತ್ತೂ ಆ ಜಗಲಿ ಹತ್ತಲಿಲ್ಲ. ಆ ಒಂದು ಜಗಲಿ ಮಾತ್ರ ಅಲ್ಲ, ಯಾವ ಜಗಲಿಯನ್ನೂ ಹತ್ತಲಿಲ್ಲ. ಯಾರ ಮನೆ ಮುಂದೆ ಎಷ್ಟು ದೂರ ನಿಲ್ಲಬೇಕು, ಚಪ್ಪಲಿಯನ್ನು ಎಲ್ಲಿಂದ ಕೈಗೆ ತಗೋಬೇಕು, ನೀರು ಕೇಳುವಾಗ ದನಿ ಎಷ್ಟು ತಗ್ಗಿಸಬೇಕು, ಬೊಗಸೆಯನ್ನು ಎಷ್ಟು ಕೆಳಗೆ ಹಿಡಿದರೆ ಸುರಿಯೋರ ಚೊಂಬಿಗೆ ತಾಗೋದಿಲ್ಲ, ಇದೆಲ್ಲಾ ನನಗೆ ಗೊತ್ತಾಗಿಬಿಟ್ಟಿತು. ಯಾರೂ ಕೂರಿಸಿಕೊಂಡು ಪಾಠ ಮಾಡಲಿಲ್ಲ. ಮಗ್ಗಿ ಕಲಿಯೋಕೆ ಮೂರು ವರ್ಷ ಹಿಡಿದವನು ಇದನ್ನು ಒಂದು ಬೇಸಿಗೆಯಲ್ಲಿ ಕಲಿತೆ. ನಾಲಿಗೆ ಕಲಿಯುವುದಕ್ಕೆ ಮುಂಚೆ ಮೈ ಕಲಿಯಿತು. ಈಗ ನಾಲಿಗೆ ಸಮಾನತೆ ಅನ್ನುತ್ತದೆ, ಮೈ ಇನ್ನೂ ಅಲ್ಲೇ ನಿಂತಿದೆ. ಡಿಗ್ರಿ ಮುಗಿಸಿದ ಮೇಲೂ ದೊಡ್ಡವರ ಕೋಣೆ ಬಾಗಿಲಲ್ಲಿ 'ಒಳಗೆ ಬಾ' ಅಂದರೂ ನನ್ನ ಕಾಲು ಹೊಸಿಲ ಹತ್ತಿರ ಒಂದು ಗಳಿಗೆ ತಡೆಯುತ್ತದೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಹೀಗಾಗುತ್ತದೆ, ಕೈ ಎತ್ತಬೇಡಿ, ಮನಸ್ಸಿನಲ್ಲೇ ಹೇಳಿಕೊಳ್ಳಿ.

ಅಜ್ಜಿ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಒಡೆಯನ ಕೆಲಸವನ್ನು ಇವಳು ಕೂಲಿ ಇಲ್ಲದೆ ಮಾಡಿಕೊಟ್ಟಳಲ್ಲ ಅಂತ. ಈಗ ಸಿಟ್ಟು ಬೇರೆ ಕಡೆ ತಿರುಗಿದೆ. ಅವಳು ಕಲಿಸಿದ್ದು ಬದುಕಿ ಉಳಿಯುವುದನ್ನು. ಮಗು ಸಾಯಬಾರದು ಅನ್ನೋ ತಾಯಿಕರುಳನ್ನೇ ಬಳಸಿಕೊಂಡು ಆ ಮಗುವಿಗೆ ಗುಲಾಮಗಿರಿ ಕುಡಿಸುವ ವ್ಯವಸ್ಥೆ ಇದು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅಂತ ಗಾದೆ ಇದೆ. ಮೇಷ್ಟ್ರುಗಳಿಗೆ ಬಹಳ ಪ್ರೀತಿಯ ಗಾದೆ. ಗಿಡವನ್ನು ಯಾರ ಕಡೆಗೆ ಬಗ್ಗಿಸಬೇಕು ಅನ್ನೋದನ್ನು ಗಾದೆ ಹೇಳೋದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಅವತ್ತು ಬಾಗಿಲ ಸಂದಿಯಲ್ಲಿ ಆ ಮನೆಯ ಹುಡುಗನೊಬ್ಬ ನೋಡ್ತಾ ನಿಂತಿದ್ದ. ನನ್ನ ವಯಸ್ಸಿನವನೇ. ಆಮೇಲೆ ಒಂದನೇ ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂತ. ಇಬ್ಬರೂ ಗೋಲಿ ಆಡಿದೆವು, ಹುಣಿಸೇಕಾಯಿ ಕದ್ದೆವು. ಬಿಸಿಯೂಟ ಇಬ್ಬರಿಗೂ ಒಂದೇ ಪಾತ್ರೆಯಿಂದ. ಮೂರನೇ ಕ್ಲಾಸಿನ ರಜ ಮುಗಿದು ಬಂದಾಗ ಅವನು ಊಟದ ಹೊತ್ತಿಗೆ ಎದ್ದು ಆಚೆ ಸಾಲಿಗೆ ಹೋಗಿ ಕೂತ. ಮೇಷ್ಟ್ರು ಹೇಳಿರಲಿಲ್ಲ. ನಾನು 'ಯಾಕ್ಲಾ' ಅಂತ ಕೇಳಲಿಲ್ಲ. ಅವನೂ ಹೇಳಲಿಲ್ಲ. ಇಬ್ಬರಿಗೂ ಪಾಠ ಆಗಿತ್ತಲ್ಲ. ನಾನು ತಗ್ಗೋದು ಕಲಿತ ಜಾಗದಲ್ಲೇ, ಅದೇ ನಾಲ್ಕು ಏಟಿನಲ್ಲಿ, ಅವನು ಮೇಲೆ ನಿಲ್ಲೋದು ಕಲಿತ. ಮೇಲುಜಾತಿಯ ಮಗು ಹುಟ್ಟುತ್ತಾ ಮೇಲುಜಾತಿಯದಲ್ಲ. ಅದನ್ನೂ ಮಾಡುತ್ತಾರೆ. ನಮ್ಮ ವ್ಯತ್ಯಾಸ ಇಷ್ಟೇ: ಅವನಿಗೆ ಆ ಪಾಠ ನೋಯಲಿಲ್ಲ. ಆದ್ದರಿಂದ ಅದು ಪಾಠ ಅಂತ ಅವನಿಗೆ ಯಾವತ್ತೂ ಗೊತ್ತಾಗೋದಿಲ್ಲ.

ಕಲಿಯದೇ ಇರುವ ಮಗು ಏನು ಮಾಡುತ್ತದೆ? ಅದಕ್ಕೂ ನಮ್ಮ ನಾಡಿನಲ್ಲೇ ಉತ್ತರ ಇದೆ. 2021ರ ಸೆಪ್ಟೆಂಬರ್ ತಿಂಗಳು, ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ. ಎರಡು ವರ್ಷದ ಕೂಸಿನ ಹುಟ್ಟಿದ ದಿನ ಅಂತ ಅಪ್ಪ ಗುಡಿಗೆ ಕರೆದುಕೊಂಡು ಹೋದ. ಅಪ್ಪನಿಗೆ ಪಾಠ ಗೊತ್ತಿತ್ತು, ಹೊರಗೆ ನಿಂತ. ಮಳೆ ಬಂತು. ಕೂಸು ಗುಡಿಯೊಳಕ್ಕೆ ಓಡಿಹೋಯಿತು. ಮಳೆ ಬಂದರೆ ಸೂರಿನ ಕೆಳಗೆ ಓಡಬೇಕು ಅನ್ನೋದಷ್ಟೇ ಅದಕ್ಕೆ ತಿಳಿದಿದ್ದ ನೀತಿ. ಗುಡಿ ಮೈಲಿಗೆಯಾಯಿತು, ಶುದ್ಧಿ ಮಾಡಿಸಬೇಕು ಅಂತ ಆ ಮನೆಯವರಿಂದ ಸಾವಿರಾರು ರೂಪಾಯಿ ದಂಡ ಕೇಳಿದರು. ಸುದ್ದಿಯಾಯಿತು, ಪೊಲೀಸರು ಬಂದರು, ಕೆಲವರನ್ನು ಹಿಡಿದರು. ಅದೆಲ್ಲಾ ಸರಿ. ನನಗೆ ನಿದ್ದೆ ಕೆಡಿಸಿದ್ದು ಬೇರೆ. ಆ ಎರಡು ವರ್ಷದ ಕೂಸು ಮುಂದೆ ಗುಡಿಯ ಹೊಸಿಲ ಹತ್ತಿರ ಓಡಿದಾಗೆಲ್ಲಾ ಹಿಂದಿನಿಂದ ಒಂದು ಕೈ ಬಂದು ಅದರ ಅಂಗಿ ಹಿಡಿದು ಎಳೆಯುತ್ತದಲ್ಲ, ಆ ಕೈ ಅದರ ಅವ್ವನದೇ ಆಗಿರುತ್ತದೆ.

ಬಾಬಾಸಾಹೇಬರು ಬರೆದ ಒಂದು ಸಣ್ಣ ಆತ್ಮಕಥನ ಇದೆ, 'ವೇಟಿಂಗ್ ಫಾರ್ ಎ ವೀಸಾ' ಅಂತ. ಹಾಸ್ಟೆಲಿನಲ್ಲಿ ಒಬ್ಬರಾದರೂ ಓದಿ ಉಳಿದವರಿಗೆ ಹೇಳಿ. ಶಾಲೆಯಲ್ಲಿ ತಮ್ಮದೇ ಗೋಣಿತಟ್ಟು ಹಾಸಿಕೊಂಡು ಬೇರೆ ಕೂರುತ್ತಿದ್ದದ್ದು, ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಅವನು ಬರದಿದ್ದರೆ ನೀರಿಲ್ಲ, ಕ್ಷೌರಿಕ ಮುಟ್ಟೋದಿಲ್ಲ ಅಂತ ಅಕ್ಕನೇ ತಲೆ ಕೂದಲು ತೆಗೆಯುತ್ತಿದ್ದದ್ದು, ಇವೆಲ್ಲಾ ಅಲ್ಲಿ ಬರುತ್ತವೆ. ಆದರೆ ನನಗೆ ಮುಖ್ಯ ಅನ್ನಿಸಿದ್ದು, ಅಷ್ಟು ದಿನ ಇದೆಲ್ಲಾ ತಮಗೆ ಸಹಜ ಅನ್ನಿಸುತ್ತಿತ್ತು ಅಂತ ಅವರು ಒಪ್ಪಿಕೊಳ್ಳುವುದು. ಬಾಬಾಸಾಹೇಬರಿಗೂ! 1901ರಲ್ಲಿ, ಒಂಬತ್ತು ವರ್ಷದ ಹುಡುಗ, ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ, ಒಳ್ಳೆ ಬಟ್ಟೆ ಹಾಕಿಕೊಂಡು ರೈಲಿನಲ್ಲಿ ಅಪ್ಪನನ್ನು ನೋಡೋಕೆ ಕೋರೆಗಾಂವಿಗೆ ಹೊರಟರು. ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರ್ ಮೊದಲು ವಿಚಾರಿಸಿಕೊಂಡ, ಮಹಾರರು ಅಂತ ತಿಳಿದ ತಕ್ಷಣ ಮುಖ ತಿರುಗಿಸಿದ. ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ! ಬುತ್ತಿ ತುಂಬಾ ಊಟ, ರಾತ್ರಿಯಿಡೀ ಕುಡಿಯೋಕೆ ಒಂದು ಗುಟುಕು ನೀರಿಲ್ಲ. ಆ ಪ್ರಯಾಣವೇ ತಮ್ಮನ್ನು ಯೋಚನೆಗೆ ಹಚ್ಚಿತು ಅಂತ ಬರೆದಿದ್ದಾರೆ. ಸ್ವಂತ ಊರಿನಲ್ಲಿ ಅದೇ ನೀರು ನಿರಾಕರಿಸಿದಾಗ ಅದು ಪದ್ಧತಿ. ಗುರುತಿಲ್ಲದ ಊರಿನಲ್ಲಿ ನಿರಾಕರಿಸಿದಾಗ ಅದು ಅನ್ಯಾಯ ಅಂತ ಕಂಡಿತು. ನಾವು ಹಾಸ್ಟೆಲಿಗೆ ಬಂದದ್ದರಿಂದ ಆಗುವ ಒಂದು ಲಾಭವೂ ಇದೇ. ಊರು ಬಿಟ್ಟ ಮೇಲೆ ಊರು ಕಾಣಿಸುತ್ತದೆ.

ಈ ಸಹಜ ಅನ್ನಿಸುವ ವಿಷ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅನ್ನೋ ಕಪ್ಪು ದಂಪತಿ, ಮನಶ್ಶಾಸ್ತ್ರಜ್ಞರು, 1940ರ ಸುಮಾರಿಗೆ ಸಣ್ಣ ಸಣ್ಣ ಕಪ್ಪು ಮಕ್ಕಳ ಮುಂದೆ ಬೊಂಬೆಗಳನ್ನು ಇಟ್ಟರು. ಎಲ್ಲಾ ಒಂದೇ ಅಚ್ಚು, ಬಣ್ಣ ಮಾತ್ರ ಬೇರೆ, ಬಿಳಿ ಮತ್ತು ಕಂದು. ಯಾವುದು ಚೆಂದ ಅಂದರೆ ಹೆಚ್ಚಿನ ಮಕ್ಕಳು ಬಿಳಿ ಬೊಂಬೆ ತೋರಿಸಿದವು. ಯಾವುದು ಕೆಟ್ಟದ್ದು ಅಂದರೆ ಕಂದು ಬೊಂಬೆ. ಕೊನೆಗೆ 'ನಿನ್ನ ಹಾಗೆ ಇರೋದು ಯಾವುದು' ಅಂತ ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟವು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಬರಹವನ್ನೂ ಎತ್ತಿ ಹೇಳಿತು. ನಮ್ಮ ಕೇರಿಯ ಮಕ್ಕಳ ಮುಂದೆ ಬೊಂಬೆ ಇಡುವುದು ಬೇಡ. ನಾಟಕದ ದಿನ ರಾಜನ ಪಾತ್ರಕ್ಕೆ ಯಾರು ಅಂತ ಕೇಳಿ ನೋಡಿ, ಸಾಕು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಇಲ್ಲೀತನಕ ನೀವು ತಲೆ ಆಡಿಸಿದಿರಿ. ಇಲ್ಲಿಂದಾಚೆ ಆಡಿಸಲಾರಿರಿ.

1916ರ ಮೇ 9ರಂದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಇಪ್ಪತ್ತೈದು ವರ್ಷದ ಅಂಬೇಡ್ಕರ್ ಜಾತಿಯ ಬಗ್ಗೆ ಒಂದು ಪ್ರಬಂಧ ಓದಿದರು. ಅಂದರೆ ನಿಮಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ. ಜಾತಿ ಹರಡಿದ್ದು ಯಾವನೋ ಒಬ್ಬ ಶಾಸ್ತ್ರಕಾರ ಆಜ್ಞೆ ಹೊರಡಿಸಿದ್ದರಿಂದ ಅಲ್ಲ, ಅನುಕರಣೆಯಿಂದ ಅಂತ ಅವರು ವಾದಿಸಿದರು. ಮೇಲಿನವರು ತಮ್ಮೊಳಗೇ ಮದುವೆ ಅಂತ ಬಾಗಿಲು ಹಾಕಿಕೊಂಡರು. ಅವರನ್ನು ನೋಡಿ ಕೆಳಗಿನವರೂ ಹಾಕಿಕೊಂಡರು. ಪ್ರತಿಷ್ಠೆ ಇರುವವರನ್ನು ಜನ ಅನುಕರಿಸುತ್ತಾರೆ, ಹತ್ತಿರ ಇದ್ದಷ್ಟೂ ಹೆಚ್ಚು ಅನುಕರಿಸುತ್ತಾರೆ ಅಂತ ಫ್ರಾನ್ಸಿನ ತಾರ್ದ್ ಎಂಬ ಪಂಡಿತನ ಮಾತನ್ನು ಆಧಾರಕ್ಕೆ ತಂದರು. ನಾನು ಇದನ್ನು ಓದಿದಾಗ ಮೊದಲು ಖುಷಿಪಟ್ಟೆ, ಪುರೋಹಿತಶಾಹಿಗೆ ಸರಿಯಾಗಿ ಬಿತ್ತು ಅಂತ. ಆಮೇಲೆ ಬಾಗಿಲು ಅಂದ ತಕ್ಷಣ ನನ್ನದೇ ಒಂದು ಬಾಗಿಲು ನೆನಪಾಯಿತು.

ಪಿಯುಸಿಗೆ ಹಾಸ್ಟೆಲಿಗೆ ಸೇರಿದ ಮೊದಲ ವಾರ. ನಾನು ಹೊಲೆಯರ ಹುಡುಗ. ನನ್ನ ಪಕ್ಕದ ಟ್ರಂಕಿನವನು ಮಾದಿಗರ ಹುಡುಗ. ರಾತ್ರಿ ಊಟಕ್ಕೆ ಕೂತಿದ್ದೆವು. ಸಾರು ನೀರು ನೀರಾಗಿತ್ತು, ಅದು ಹಾಸ್ಟೆಲಿನ ಧರ್ಮ ಬಿಡಿ. ಅವನು ಊರಿಂದ ತಂದ ಡಬ್ಬಿ ತೆಗೆದ. ಹುಚ್ಚೆಳ್ಳಿನ ಚಟ್ನಿಪುಡಿ, ಅವರವ್ವ ಕುಟ್ಟಿಕೊಟ್ಟಿದ್ದು. ಘಮಘಮ ಅಂತಿತ್ತು. 'ತಗಳಪ್ಪ' ಅಂತ ನನ್ನ ತಟ್ಟೆ ಕಡೆ ಚಾಚಿದ. ನನ್ನ ಕೈ, ನಾನು ಹೇಳೋದಕ್ಕೆ ಮುಂಚೆ, ತಟ್ಟೆಯನ್ನು ಈ ಕಡೆಗೆ ಎಳೆದುಕೊಂಡಿತು. 'ಬ್ಯಾಡ, ಸಾಕಾಯ್ತು' ಅಂದೆ. ಅವನು ಏನೂ ಅನ್ನಲಿಲ್ಲ. ಮುಚ್ಚಳ ಹಾಕಿ ಡಬ್ಬಿಯನ್ನು ತೊಡೆ ಪಕ್ಕ ಇಟ್ಟುಕೊಂಡು ಊಟ ಮುಂದುವರಿಸಿದ.

ಆ ಕೈಗೆ ಯಾರು ಹೇಳಿಕೊಟ್ಟರು? ಅದೇ ಅಜ್ಜಿ. ಹೋಟೆಲಿನ ಹಿತ್ತಲಲ್ಲಿ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದು ಬೆಳೆದ ನನ್ನ ಅಜ್ಜಿ, ಆ ಕೇರಿಯವರ ಮನೆ ನೀರು ಮುಟ್ಟುತ್ತಿರಲಿಲ್ಲ. ಯಾಕೆ ಅಂದರೆ 'ನಮ್ಮೋರು ಮುಟ್ಟಾಕಿಲ್ಲ' ಅಂತಿದ್ದಳು. ಜಗಲಿ ಪಾಠದಲ್ಲಿ ನನಗೆ ನೋವಾಗಿತ್ತು, ಆದ್ದರಿಂದ ನೆನಪಿತ್ತು. ಈ ಪಾಠದಲ್ಲಿ ನೋವಾಗಲಿಲ್ಲ. ಯಾವಾಗ ಕಲಿತೆ ಅನ್ನೋದೇ ನೆನಪಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಆ ಹುಡುಗನ ಜಾಗದಲ್ಲಿ ನಾನಿದ್ದೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಕರೆದದ್ದು ಇದನ್ನೇ. ಎಲ್ಲರಿಗೂ ತುಳಿಯೋಕೆ ಕಾಲ ಕೆಳಗೆ ಒಬ್ಬನನ್ನು ಕೊಟ್ಟುಬಿಟ್ಟರೆ, ತಲೆ ಮೇಲಿರುವ ಕಾಲನ್ನು ಯಾರೂ ಎತ್ತಿ ನೋಡೋದಿಲ್ಲ.

ಮೂರು ವರ್ಷ ಅದೇ ರೂಮಿನಲ್ಲಿ ಇದ್ದೆವು. ಅವನ ಡಬ್ಬಿಯನ್ನು ನಾನು ಎಷ್ಟು ಸಲ ಬರಿದು ಮಾಡಿದೆನೋ ಲೆಕ್ಕವಿಲ್ಲ. ಡಿಗ್ರಿ ಮೊದಲ ವರ್ಷದಲ್ಲಿ ಒಂದು ರಾತ್ರಿ ಧೈರ್ಯ ಮಾಡಿ ಆ ಮೊದಲ ವಾರದ ಮಾತು ತೆಗೆದೆ. ಅವನಿಗೆ ನೆನಪಿತ್ತು. 'ಆವತ್ತು ನಂಗೇನೂ ಅನ್ನಿಸಲಿಲ್ಲ ಕಣ್ಲಾ. ಏನೂ ಅನ್ನಿಸಲಿಲ್ಲವಲ್ಲ ಅಂತ ಈಗ ಉರಿಯುತ್ತೆ' ಅಂದ. ಅವನಿಗೂ ಪಾಠ ಆಗಿತ್ತು, ಅಷ್ಟು ಚೆನ್ನಾಗಿ.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, 2024ರ ಆಗಸ್ಟ್ 1ರಂದು ಪರಿಶಿಷ್ಟ ಜಾತಿಗಳೊಳಗೆ ವರ್ಗೀಕರಣ ಮಾಡಬಹುದು ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ, ಒಂದೇ ರೂಮಿನ ಹುಡುಗರು ಎರಡು ಪಂಕ್ತಿಯಾಗಿ ಕೂತು ಉಂಡದ್ದನ್ನು ನಾನು ಕಂಡಿದ್ದೇನೆ. ಒಳಮೀಸಲಾತಿ ಬಗ್ಗೆ ವಾದ ಇರಲಿ, ಜಗಳವೂ ಇರಲಿ. ನನ್ನ ಅಭಿಪ್ರಾಯ ಕೇಳಿದರೆ, ಹೆಚ್ಚು ತುಳಿಸಿಕೊಂಡವನ ಪಾಲು ಅವನಿಗೆ ಬರಬೇಕು. ನೀವು ಒಪ್ಪದಿದ್ದರೆ ಎದ್ದು ನಿಂತು ಹೇಳಿ. ಆದರೆ ತಟ್ಟೆ ಎಳೆದುಕೊಳ್ಳುವ ಕೈ ವಾದ ಮಾಡುತ್ತಿಲ್ಲ. ಅದು ಅಜ್ಜಿಯ ಪಾಠ ಒಪ್ಪಿಸುತ್ತಿದೆ.

ಕಲಿತದ್ದನ್ನು ಮರೆಯೋಕಾಗುತ್ತದೆಯೇ? ಕಾನೂನು ಮಾಡಿದರೆ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರಲ್ಲಿ ಕಾಯಿದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. ಕಾಯಿದೆ ಬೇಕು. ಅದಿಲ್ಲದಿದ್ದರೆ ಮಿಯಾಪುರಕ್ಕೆ ಪೊಲೀಸರು ಬರುತ್ತಲೇ ಇರಲಿಲ್ಲ. ಆದರೆ ಮಹಾಡದ ಕತೆ ನೋಡಿ. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬೈ ಶಾಸನಸಭೆ 1923ರಲ್ಲೇ ಗೊತ್ತುವಳಿ ಮಾಡಿತ್ತು. 1924ರಲ್ಲಿ ಮಹಾಡದ ಪುರಸಭೆ ಚೌದಾರ್ ಕೆರೆ ಎಲ್ಲರದೂ ಅಂತ ಒಪ್ಪಿತು. ಕಾಗದ ಇತ್ತು, ಕೆರೆಯೂ ಇತ್ತು. ಹೋದರೆ ಬೀಳುವ ದೊಣ್ಣೆಯೂ ಇತ್ತು. ಕಾಲು ಏಳಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮುಂದೆ ನಡೆದರು, ಹಿಂದೆ ಸಾವಿರಾರು ಜನ ನಡೆದು ನೀರು ಕುಡಿದರು. ಅವತ್ತೇ ದೊಣ್ಣೆ ಬಿತ್ತು, ಆಮೇಲೆ ಗಂಜಲ ಸಗಣಿಯಿಂದ ಕೆರೆಯನ್ನು 'ಶುದ್ಧ' ಮಾಡಿದರು. ಆದರೂ ಆ ಸಾವಿರಾರು ಕಾಲುಗಳು ಒಂದು ದಿನಕ್ಕೆ ತಮ್ಮ ಪಾಠವನ್ನು ತಪ್ಪಾಗಿ ಒಪ್ಪಿಸಿದವು.

ಮನುಸ್ಮೃತಿ ಸುಟ್ಟದ್ದು ಅದೇ ವರ್ಷ ಡಿಸೆಂಬರ್ 25, ಎಲ್ಲರಿಗೂ ಗೊತ್ತು. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಂಗಸರ ಜೊತೆ ಆಡಿದ ಮಾತು ಅಷ್ಟು ಪ್ರಚಾರವಾಗಿಲ್ಲ. ಕೆಳಜಾತಿ ಅಂತ ಗುರುತು ಹಿಡಿಸುವಂತೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಉಡಬೇಕಾಗಿತ್ತು, ಮೈಮೇಲೆ ಇಂಥದೇ ಒಡವೆ ಹೇರಿಕೊಳ್ಳಬೇಕಾಗಿತ್ತು. ಅದನ್ನು ಬಿಡಿ ಅಂದರು. ಹೆಂಗಸರು ಅಲ್ಲೇ ಸೀರೆಯನ್ನು ಪಾದದವರೆಗೆ ಇಳಿಸಿ ಉಟ್ಟುಕೊಂಡರು. ಗಂಡಸರು ಗ್ರಂಥ ಸುಟ್ಟರು, ಹೆಂಗಸರು ಮೈಮೇಲಿನ ಗ್ರಂಥವನ್ನೇ ಬಿಚ್ಚಿದರು. ಯಾವುದು ದೊಡ್ಡದು ಅಂತ ನನಗೆ ಹೇಳೋಕಾಗೋದಿಲ್ಲ.

ಇಲ್ಲಿ ಕೂತಿರುವ ತಂಗಿಯರು ನಗುತ್ತಿದ್ದಾರೆ. ಯಾಕೆ ಅಂತ ಗೊತ್ತು. ನಮ್ಮನೆಯಲ್ಲಿ ಕೋಳಿ ಮೊಟ್ಟೆ ನನ್ನ ತಟ್ಟೆಗೆ, ತಟ್ಟೆ ತೊಳೆಯೋದು ತಂಗಿಗೆ. ಅವಳು ನನಗಿಂತ ಚೆನ್ನಾಗಿ ಓದುತ್ತಿದ್ದಳು. ಎಸ್‌ಎಸ್‌ಎಲ್‌ಸಿಗೆ ನಿಲ್ಲಿಸಿದರು. ನಾನು ಆಗ ಹಾಸ್ಟೆಲಿನಲ್ಲಿ ಸಮಾನತೆ ಬಗ್ಗೆ ಪದ್ಯ ಬರೀತಿದ್ದೆ. ಇದಕ್ಕಿಂತ ಹೆಚ್ಚು ಹೇಳಿದರೆ ಅವಳ ಹೆಸರಲ್ಲಿ ನಾನು ಚಪ್ಪಾಳೆ ತಗೊಂಡ ಹಾಗಾಗುತ್ತದೆ.

ಹತ್ತಿರದ ಇನ್ನೊಂದು ಸಂಗತಿ. 2022ರ ಸೆಪ್ಟೆಂಬರ್, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ದೇವರ ಉತ್ಸವದಲ್ಲಿ ನಮ್ಮ ಹುಡುಗನೊಬ್ಬ ಉತ್ಸವಮೂರ್ತಿಯ ಕೋಲು ಮುಟ್ಟಿದ. ಅರವತ್ತು ಸಾವಿರ ದಂಡ ಕಟ್ಟಬೇಕು, ಇಲ್ಲದಿದ್ದರೆ ಊರಿನಿಂದ ಹೊರಗೆ ಅಂದರು. ಆ ಮನೆಯವರು ಗೋಡೆ ಮೇಲಿದ್ದ ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಪಟ ಹಾಕಿಕೊಂಡರು. ಮಿಯಾಪುರದ ಕೂಸಿನ ಬಗ್ಗೆ ಹೇಳಿದಾಗ ಅಂಗಿ ಹಿಡಿದು ಎಳೆಯುವ ಕೈ ಅವ್ವನದು ಅಂದೆನಲ್ಲ, ಇಲ್ಲಿ ಮೊಳೆಯಿಂದ ಪಟ ಬಿಚ್ಚಿದ್ದೂ ಅಂಥದೇ ಮನೆಯ ಕೈಗಳು. ಪಟ ಬದಲಾದರೆ ಎಲ್ಲಾ ಬದಲಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಬಾಬಾಸಾಹೇಬರ ಪಟದ ಕೆಳಗೇ ಪಕ್ಕದ ಕೇರಿಯವರಿಗೆ ಬೇರೆ ಲೋಟ ಇಟ್ಟಿರುತ್ತಾರೆ. ಆದರೆ ಆ ಹುಡುಗ ಇನ್ನೊಂದು ಪಾಠವನ್ನೂ ಅವತ್ತು ಮನೆಯಲ್ಲೇ ಕಲಿತ.

ನನ್ನ ಹತ್ತಿರ ದೊಡ್ಡ ಕಾರ್ಯಕ್ರಮ ಏನೂ ಇಲ್ಲ. ಈ ಹಾಸ್ಟೆಲಿನಲ್ಲಿ ಒಂದು ಕೆಲಸ ಆಗಬಹುದು ಅನ್ನಿಸುತ್ತದೆ. ಭಾನುವಾರ ರಾತ್ರಿ ಊಟ ಆದ ಮೇಲೆ ಕೂತು, ಒಬ್ಬೊಬ್ಬರೂ ತಮಗೆ ಗೊತ್ತಿಲ್ಲದೇ ಕಲಿತ ಒಂದು ಪಾಠವನ್ನು ಹೇಳಿ. ಮೇಲಿನವರು ಕಲಿಸಿದ್ದು ಮಾತ್ರ ಅಲ್ಲ, ಅದನ್ನು ಹೇಳೋದು ಸುಲಭ. ನಿಮ್ಮ ಕೈ ಯಾರ ತಟ್ಟೆಯಿಂದ ಹಿಂದಕ್ಕೆ ಬಂತು, ಅದನ್ನು ಹೇಳಿ. ಹೇಳುವವರ ಹೆಸರು ಹಿಡಿದು ಮರುದಿನ ಆಡಿಕೊಳ್ಳಬಾರದು, ಅದೊಂದೇ ಕರಾರು. ಅದನ್ನು ಬರೆದಿಟ್ಟರೆ ನನ್ನ ಬಿ.ಎ. ನೋಟ್ಸಿಗಿಂತ ಒಳ್ಳೆಯ ಸಮಾಜಶಾಸ್ತ್ರದ ಪುಸ್ತಕ ಆಗುತ್ತದೆ.

ಪದ್ಯ ಓದು ಅಂತ ಅಧ್ಯಕ್ಷರು ಚೀಟಿ ಕೊಟ್ಟಿದ್ದಾರೆ. ಪದ್ಯ ಇನ್ನೊಂದು ದಿನ ಓದ್ತೀನಿ. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಿರೋ ತಮ್ಮ ಆಗಿನಿಂದ ಕೈ ಎತ್ತೋದು ಇಳಿಸೋದು ಮಾಡ್ತಿದ್ದಾನೆ. ಬಾ ತಮ್ಮಾ, ಅಲ್ಲಿಂದಲ್ಲ, ಇಲ್ಲಿ ಮುಂದೆ ಬಂದು ಹೇಳು.